ಸಹಾಯ ಬೇಕು: ವಂಶವೃಕ್ಷದಲ್ಲಿ ಒಂದೇ ಹೆಸರಿನ ಇಬ್ಬರು ಒಬ್ಬರಾಗಿಬಿಟ್ಟಿದ್ದಾರೆ

ಎಲ್ಲರಿಗೂ ನಮಸ್ಕಾರ. ಆನ್‌ಲೈನಿನಲ್ಲಿ ನಮ್ಮ ವಂಶವೃಕ್ಷ ಹುಡುಕುತ್ತಿದ್ದೇನೆ, ಒಂದು ಗಂಟು ಬಿಡಿಸಲು ಆಗುತ್ತಿಲ್ಲ. ಮುತ್ತಜ್ಜನಿಗೂ ಅವರ ಮೊಮ್ಮಗನಿಗೂ ಒಂದೇ ಹೆಸರು. ಯಾರೋ ಇಬ್ಬರನ್ನೂ ಸೇರಿಸಿ ಒಬ್ಬರನ್ನಾಗಿ ಮಾಡಿದ್ದಾರೆ. ಈಗ ಅಲ್ಲಿ ಅವರು ಹುಟ್ಟಿದ್ದು 1861ರಲ್ಲಿ, ಕೊನೆಯ ಮಗು ಹುಟ್ಟಿದ್ದು 1938ರಲ್ಲಿ! ಇನ್ನೊಂದು ಕವಲಿನಲ್ಲಿ ತಾಯಿಗಿಂತ ಮಗಳೇ ದೊಡ್ಡವಳು. ಇದೇ ತಪ್ಪು ಬೇರೆಯವರು ಹಾಕಿದ ವೃಕ್ಷಗಳಲ್ಲೂ ಇದೆ. ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಸುಮ್ನೆ ನಕಲು ಮಾಡಿಕೊಂಡಂತಿದೆ, ಯಾರೂ ಮೂಲ ದಾಖಲೆ ಹಾಕಿಲ್ಲ. ಎಷ್ಟು ಜನ ನಕಲು ಮಾಡಿದರೂ ಅದು ಒಂದೇ ಸಾಕ್ಷಿ ಅಲ್ವಾ?

ತಾರೀಖಿನ ಗೊಂದಲ ಬೇರೆ. 03/04/1898 ಅಂದರೆ ಏಪ್ರಿಲ್ ಮೂರೋ, ಮಾರ್ಚ್ ನಾಲ್ಕೋ? ಜೆಡ್‌ಕಾಮ್ (GEDCOM, ವಂಶವೃಕ್ಷದ ಮಾಹಿತಿಯನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವ) ಫೈಲಿನಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯುತ್ತಾರೆ, ನಿಜ. ಆದರೆ ಮೊದಲು ತುಂಬಿದವರೇ ತಿರುವುಮುರುವಾಗಿ ಓದಿದ್ದರೆ ಕಂಡುಹಿಡಿಯುವುದು ಹೇಗೆ?

ಹೀಗೆ ಸೇರಿಹೋದ ಇಬ್ಬರನ್ನು ಬೇರೆ ಮಾಡಿದ ಅನುಭವ ಇರುವವರು ದಯವಿಟ್ಟು ಹೇಳಿ. ಹೆಂಡತಿ, ಮಕ್ಕಳ ಹೆಸರು ಹಿಡಿದು ಶುರು ಮಾಡಲಾ, ಜಮೀನಿನ ದಾಖಲೆ ಹಿಡಿದು ಹೋಗಲಾ? ತಪ್ಪು ವೃಕ್ಷ ಹಾಕಿದವರಿಗೆ ಬೇಜಾರಾಗದ ಹಾಗೆ ಹೇಗೆ ಬರೆಯುವುದು ಅಂತಲೂ ತಿಳಿಸಿ. ಅವರೂ ನಮ್ಮ ಸಂಬಂಧಿಕರೇ ಇರಬಹುದು.