ಸಹಾಯ ಬೇಕು: ಸೂಪರ್‌ಹೀರೋ ಆಗ್ತೀನಿ ಅನ್ನೋ ಮಗನಿಗೆ ಒಬ್ಬ ಗುರು

ಎಲ್ಲರಿಗೂ ನಮಸ್ಕಾರ. ನಾವು ಮಂಡ್ಯ ಕಡೆಯವರು, ಮನೆ ವಿಶ್ವೇಶ್ವರಯ್ಯ ನಾಲೆಗೆ ಹತ್ತಿರ. ಮಗನಿಗೆ 15 ವರ್ಷ. ಚಿಕ್ಕಂದಿನಿಂದ ಸೂಪರ್‌ಹೀರೋ ಆಗ್ತೀನಿ ಅಂತಿದ್ದ, ಬೆಳೀತಾ ಮರೀತಾನೆ ಅಂದುಕೊಂಡಿದ್ದೆ. ಮರೆತಿಲ್ಲ. ದಿನಾ ಐದಕ್ಕೆ ಎದ್ದು ಕಬ್ಬಿನ ಗದ್ದೆ ಬದುವಿನ ಮೇಲೆ ಓಡ್ತಾನೆ.

ಹೋದ ವಾರ ನಾಲೆಗೆ ಜಾರಿದ ಕರು ಹಿಡಿಯೋಕೆ ನೀರಿಗೆ ಇಳಿದೇಬಿಟ್ಟ. ಈಜು ಬರಲ್ಲ. ಮೇವು ಕೊಯ್ಯುತ್ತಿದ್ದವರು ಹಗ್ಗ ಎಸೆದು ಎರಡೂ ಜೀವ ಉಳಿಸಿದರು. ಬೈದರೆ, "ನೋಡ್ಕೊಂಡು ನಿಂತ್ಕೊಳೋಕಾಗಲ್ಲ ಕಣಮ್ಮ. ನಂಗೆ ಶಕ್ತಿ ಇಲ್ಲ ಅಂತ ಗೊತ್ತು, ಕಲೀತೀನಿ" ಅಂದ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನ ಆಸೆ ಚಿವುಟಲು ಮನಸ್ಸಿಲ್ಲ, ಮತ್ತೆ ನಾಲೆಗೆ ಇಳಿದರೆ ಅನ್ನೋ ಭಯಕ್ಕೆ ನಿದ್ದೆಯೂ ಇಲ್ಲ.

ಮಂಡ್ಯ ಅಥವಾ ಮೈಸೂರಿನಲ್ಲಿ ಈಜಿನ ಜೊತೆಗೆ, ಮುಳುಗುವವರನ್ನು ದಡದಿಂದಲೇ ಕಾಪಾಡೋದನ್ನು ಕಲಿಸುವವರು ಇದ್ದಾರಾ? ಸದ್ಯಕ್ಕೆ ನಾನೇ ಹೇಳಿಕೊಟ್ಟಿದ್ದೀನಿ: ಮೊದಲು ಕೂಗು, 112ಕ್ಕೆ ಫೋನ್ ಮಾಡು, ಹಗ್ಗವೋ ಉದ್ದನೆ ಬಿದಿರೋ ಮುಚ್ಚಳ ಬಿಗಿದ ಖಾಲಿ ಕ್ಯಾನೋ ಕೊಡು, ನೀನು ಇಳೀಬೇಡ. ಸಿಪಿಆರ್‌ನಲ್ಲಿ, ಅಂದ್ರೆ ಉಸಿರು, ಎದೆಬಡಿತ ನಿಂತವರಿಗೆ ಮಾಡೋ ಪ್ರಥಮ ಚಿಕಿತ್ಸೆಯಲ್ಲಿ, ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತಬೇಕು ಅಂತ ಓದಿ ದಿಂಬಿನ ಮೇಲೆ ಅಭ್ಯಾಸ ಮಾಡ್ತಾನೆ. ಬಲ್ಲವರು ಎದುರಿಗೆ ನಿಂತು ತಿದ್ದಬೇಕು. ಮೈಸೂರಿನ ಗರಡಿಮನೆಗಳಲ್ಲಿ ಈ ವಯಸ್ಸಿನವರನ್ನು ಸೇರಿಸಿಕೊಳ್ತಾರಾ? ಅಗ್ನಿಶಾಮಕದಲ್ಲಿ ಕೆಲಸ ಮಾಡಿದವರು ಯಾರಾದರೂ ಅವನ ಜೊತೆ ಅರ್ಧ ಗಂಟೆ ಮಾತಾಡಿದರೂ ಸಾಕು. ಶನಿವಾರ ಮಧ್ಯಾಹ್ನದ ಮೇಲೆ ಎಲ್ಲಿಗೆ ಹೇಳಿದರೂ ಕರ್ಕೊಂಡು ಬರ್ತೀನಿ.