ಟಾಪಿಗೆ ಯಾವ ಪೈಪು?

(ಮನೆಯವರೆಲ್ಲ ಸೇರಿ ಕಟ್ಟುತ್ತಿರುವ ಹಳೇ ಮಾದರಿಯ ಕಾರಿನ ಚಾಟ್ ಗುಂಪು. ಬಾಡಿ ಕೂತಿದೆ, ಎಂಜಿನ್ ಓಡುತ್ತಿದೆ. ಮಡಚುವ ಟಾಪ್, ಅಂದರೆ ಕಮಾನುಗಳ ಮೇಲೆ ಬಟ್ಟೆ ಎಳೆದು ಕಟ್ಟುವ ಚಾವಣಿ ಮಾತ್ರ ಬಾಕಿ.)

ಸುಹಾಸ: [ವಿಡಿಯೋ]
ಎಲ್ಲರೂ ನೋಡಿ. ಒಬ್ಬ ಪಿವಿಸಿ ಪೈಪಿನಲ್ಲೇ ಟಾಪಿನ ಫ್ರೇಮ್ ಮಾಡಿದ್ದಾನೆ. ವೆಲ್ಡಿಂಗ್ ಬೇಡ, ಪೈಪು ಬಗ್ಗಿಸುವ ಬೆಂಡರ್ ಬೇಡ. ಎಲ್ಬೋ ಹಾಕಿ ಅಂಟಿಸಿದರೆ ಮುಗಿಯಿತು. ನಾವೂ ಇದೇ ಮಾಡೋಣ?

ವಸಂತ ಚಿಕ್ಕಪ್ಪ: ಬೇಡ. ಉಕ್ಕಿನ ಪೈಪೇ ಸರಿ.

ಸುಹಾಸ: ಪೂರ್ತಿ ನೋಡಿದ್ರಾ ಚಿಕ್ಕಪ್ಪ?

ವಸಂತ ಚಿಕ್ಕಪ್ಪ: ನೋಡಿದೆ. ಕೊನೆಯಲ್ಲಿ ಕಾರು ಓಡಿಸುತ್ತಾನಲ್ಲ, ಅಲ್ಲಿ ನಿಲ್ಲಿಸಿ ನೋಡು. ಮಧ್ಯದ ಕಮಾನು ಬಟ್ಟೆಯ ಜೊತೆಗೇ ಎದ್ದು ಎದ್ದು ಇಳಿಯುತ್ತಿದೆ. ಆಮೇಲೆ ಪಿವಟ್, ಅಂದರೆ ಕಮಾನಿನ ಕಾಲು ತಿರುಗುವ ಕೀಲು, ಅದನ್ನು ತೋರಿಸುವ ಜಾಗ. ಪೈಪಿನ ತುದಿಯನ್ನು ಬಿಸಿ ಮಾಡಿ ಚಪ್ಪಟೆ ಒತ್ತಿ ತೂತು ಕೊರೆದಿದ್ದಾನೆ. ತೂತಿನ ಸುತ್ತ ಆಗಲೇ ಬೆಳ್ಳಗೆ ಗೆರೆ ಬಿದ್ದಿದೆ. ಸೀಳುವುದು ಅಲ್ಲಿಂದಲೇ.

ಸುಹಾಸ: ಆದರೆ ಅದು ಹೊರುವುದು ಬರೀ ಬಟ್ಟೆ ತಾನೇ? ಅದಕ್ಕೆ ಎಷ್ಟು ಗಟ್ಟಿ ಬೇಕು?

ಮೇಘಾ: ಬಟ್ಟೆಯ ತೂಕ ಲೆಕ್ಕಕ್ಕೇ ಇಲ್ಲ ಕಣೋ. ಗಾಳಿ ನೋಡು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 30 ಕೆ.ಜಿ. ತೂಕಕ್ಕೆ ಸಮ. 40ರಲ್ಲಿ ಇದರ ಕಾಲು ಭಾಗ ಅಷ್ಟೇ. ಅವನು ವಿಡಿಯೋದಲ್ಲಿ ನಿಧಾನವಾಗಿಯೇ ಓಡಿಸಿದ್ದಾನೆ, ಗಮನಿಸಿದೆಯಾ? ಇನ್ನೊಂದು ವಿಷಯ. ಗಾಳಿ ಟಾಪನ್ನು ಕೆಳಗೆ ಅದುಮುವುದಿಲ್ಲ, ಮೇಲಕ್ಕೆ ಎಳೆಯುತ್ತದೆ. ಬಟ್ಟೆ ಬಲೂನಿನ ಹಾಗೆ ಉಬ್ಬುತ್ತದೆ. ಆ ಎಳೆತವೆಲ್ಲ ಹೋಗಿ ಕೂರುವುದು ಮುಂದಿನ ಹೆಡರ್ (ವಿಂಡ್‌ಶೀಲ್ಡಿನ ಮೇಲೆ ಕೂರುವ ಅಡ್ಡಪಟ್ಟಿ) ಮತ್ತು ಅದರ ಕ್ಲಾಂಪಿನ ಮೇಲೆ.

ಮೇಘಾ: ಪಿವಿಸಿ ಉಕ್ಕಿಗಿಂತ ಅರವತ್ತು ಪಟ್ಟಿಗೂ ಜಾಸ್ತಿ ಬಳುಕುತ್ತದೆ. ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಇನ್ನೂ ಮೆತ್ತಗೆ. 80ರ ಹತ್ತಿರ ಕೈಯಲ್ಲೇ ಬಗ್ಗುತ್ತದೆ. ಕಪ್ಪು ಬಟ್ಟೆಯ ಕೆಳಗೆ, ಬಿಸಿಲಲ್ಲಿ ನಿಂತ ಕಾರಿನಲ್ಲಿ, ಬಿಗಿಯಾಗಿ ಎಳೆದು ಕಟ್ಟಿದ ಪೈಪು. ಒಂದೇ ದಿನ ಏನೂ ಆಗುವುದಿಲ್ಲ. ತಿಂಗಳು ಕಳೆಯುತ್ತಾ ತಾನಾಗಿ ಜೋತು ಬೀಳುತ್ತದೆ. ಆಮೇಲೆ ಆ ತಗ್ಗಿನಲ್ಲಿ ಮಳೆ ನೀರು.

ಸುಹಾಸ: ಸರಿ ಸರಿ. ಎಲ್ಲರೂ ಸೇರಿ ಮೇಲೆ ಬೀಳಬೇಡಿ 🙏

ದೊಡ್ಡಪ್ಪ: ಹಳೇ ಕಾರು ಅಂದಮೇಲೆ ಕಮಾನು ಮರದ್ದೇ ಇರಬೇಕು. ಟಾಪ್ ಬಂದದ್ದೇ ಕುದುರೆ ಗಾಡಿಯಿಂದ. ಆ್ಯಶ್ ಮರವನ್ನು ಹಬೆಯಲ್ಲಿಟ್ಟು ಬಗ್ಗಿಸುತ್ತಿದ್ದರು. ಇಂಗ್ಲೆಂಡಿನ ಮಾರ್ಗನ್ ಕಂಪನಿಯ ನಾಲ್ಕು ಚಕ್ರದ ಕಾರಿನ ಬಾಡಿಗೆ ಇವತ್ತಿಗೂ ಆ್ಯಶ್ ಮರದ ಚೌಕಟ್ಟೇ. ಪೈಪು ಹಾಕಿ ಇದನ್ನು ಟ್ರ್ಯಾಕ್ಟರ್ ಮಾಡಬೇಡಿ.

ಶ್ರೀಧರ ಭಾವ: ಮರ ಒದ್ದೆಯಾದರೆ ಸೊಟ್ಟಗಾಗುತ್ತದೆ ದೊಡ್ಡಪ್ಪ. ನನ್ನ ಮತ ಅಲ್ಯೂಮಿನಿಯಂಗೆ. ತುಕ್ಕು ಇಲ್ಲ, ಉಕ್ಕಿನ ಮೂರನೇ ಒಂದು ಭಾಗದಷ್ಟೇ ತೂಕ. ಒಬ್ಬರೇ ಎತ್ತಿ ಮಡಚಬಹುದು. ವಿಮಾನವನ್ನೇ ಅದರಲ್ಲಿ ಮಾಡುತ್ತಾರೆ.

ವಸಂತ ಚಿಕ್ಕಪ್ಪ: ಶ್ರೀಧರ್ ಅವರೇ, ತೂಕ ಮೂರನೇ ಒಂದು ಭಾಗ ನಿಜ. ಬಿಗಿತವೂ ಮೂರನೇ ಒಂದು ಭಾಗವೇ. ಅದನ್ನು ಯಾರೂ ಹೇಳುವುದಿಲ್ಲ.

ಶ್ರೀಧರ ಭಾವ: ಸ್ವಲ್ಪ ದಪ್ಪ ಪೈಪು ತಗೊಂಡರೆ ಆಯಿತಲ್ವಾ?

ಮೇಘಾ: ಆಗುತ್ತದೆ ಭಾವ. ಈಗ ಲೆಕ್ಕ ಹಾಕಿದೆ. ಚಿಕ್ಕಪ್ಪ ಹೇಳುವುದು ಹೊರ ಅಳತೆ 19 ಮಿ.ಮೀ., ಗೋಡೆಯ ದಪ್ಪ 1.5 ಮಿ.ಮೀ. ಇರುವ ಉಕ್ಕಿನ ಪೈಪು. ಅಷ್ಟೇ ಬಿಗಿತ ಅಲ್ಯೂಮಿನಿಯಂನಲ್ಲಿ ಬೇಕೆಂದರೆ 25 ಮಿ.ಮೀ. ಅಳತೆ, 2 ಮಿ.ಮೀ. ದಪ್ಪ ಬೇಕು. ಉಕ್ಕು ಮೀಟರಿಗೆ ಸುಮಾರು 650 ಗ್ರಾಂ, ಅಲ್ಯೂಮಿನಿಯಂ 390 ಗ್ರಾಂ. ನಮ್ಮದು ಮೂರು ಕಮಾನು, ಎಲ್ಲ ಸೇರಿ 7 ಮೀಟರ್ ಹತ್ತಿರ. ಉಳಿಯುವುದು 1.8 ಕೆ.ಜಿ.

ಶ್ರೀಧರ ಭಾವ: ಬರೀ 1.8?

ಮೇಘಾ: ಅಷ್ಟೇ.

ಶ್ರೀಧರ ಭಾವ: ಆದರೂ ತುಕ್ಕು ಇಲ್ಲ ಅನ್ನುವುದು ಉಳಿಯಿತು.

ವಸಂತ ಚಿಕ್ಕಪ್ಪ: ಉಳಿಯಿತು, ಒಪ್ಪುತ್ತೇನೆ. ಈಗ ಅದನ್ನು ಬಗ್ಗಿಸುವುದು ಯಾರು? ಗಟ್ಟಿ ಮಾಡಿದ 6061 ಟಿ6 ದರ್ಜೆಯ ಅಲ್ಯೂಮಿನಿಯಂ ಪೈಪನ್ನು ಚಿಕ್ಕ ತಿರುವಿಗೆ ಬಗ್ಗಿಸಲು ಹೋದರೆ ಹೊರಗಡೆ ಬಿರುಕು ಬಿಡುತ್ತದೆ. ಬೆಸುಗೆ ಹಾಕಿದರೆ ಸುತ್ತಲಿನ ಗಟ್ಟಿತನ ಅರ್ಧಕ್ಕೆ ಹತ್ತಿರ ಇಳಿಯುತ್ತದೆ. ಬೆಸುಗೆ ಬೀಳುವುದೇ ಪಿವಟ್ ಹತ್ತಿರ, ಅಂದರೆ ಜಾಸ್ತಿ ಪೆಟ್ಟು ತಿನ್ನುವ ಜಾಗದಲ್ಲಿ. ಸಣ್ಣ ಅಲುಗಾಟವನ್ನು ಉಕ್ಕು ವರ್ಷಗಟ್ಟಲೆ ತಡೆಯುತ್ತದೆ. ಅಲ್ಯೂಮಿನಿಯಂ ದಣಿಯುತ್ತಲೇ ಹೋಗುತ್ತದೆ. ಉಕ್ಕಿನ ಬೋಲ್ಟ್ ಅದಕ್ಕೆ ತಾಗಿದ ಕಡೆ ನೀರು ನಿಂತರೆ ಬಿಳಿ ಪುಡಿ ಏಳುತ್ತದೆ. ನೈಲಾನ್ ವಾಷರ್ ಹಾಕಿ ತಪ್ಪಿಸಬಹುದು. ಆದರೆ 1.8 ಕೆ.ಜಿ.ಗೋಸ್ಕರ ಇಷ್ಟೆಲ್ಲ ಯಾಕೆ?

ಸುಹಾಸ: ಹಾಗಾದರೆ ಸ್ಟೇನ್‌ಲೆಸ್?

ವಸಂತ ಚಿಕ್ಕಪ್ಪ: ಬಗ್ಗಿಸುತ್ತಾ ಹೋದಂತೆ ಗಟ್ಟಿಯಾಗುತ್ತದೆ. ಕೈ ಬಿಟ್ಟರೆ ಜಾಸ್ತಿ ವಾಪಸ್ ಬರುತ್ತದೆ. ಮೂರು ಕಮಾನು ಮೂರು ಆಕಾರ ಆಗುತ್ತದೆ. ಬೇಡ.

ಸುಹಾಸ: ಎಲೆಕ್ಟ್ರಿಷಿಯನ್ ಹಾಕುವ ಜಿಐ ಕಾಂಡ್ಯೂಟ್, ವೈರ್ ಹೋಗುವ ಸತು ಲೇಪದ ಪೈಪು? ಅದು ಕೈ ಬೆಂಡರಿನಲ್ಲೇ ಬಗ್ಗುತ್ತದಲ್ಲ!

ವಸಂತ ಚಿಕ್ಕಪ್ಪ: ಇದು ತಕ್ಕ ಮಟ್ಟಿಗೆ ಒಳ್ಳೇ ಪ್ರಶ್ನೆ. ಬಗ್ಗುತ್ತದೆ, ತುಕ್ಕೂ ಬೇಗ ಬರುವುದಿಲ್ಲ. ಆದರೆ ವೆಲ್ಡ್ ಮಾಡುವ ಜಾಗದಲ್ಲಿ ಸತುವಿನ ಲೇಪವನ್ನು ಪೂರ್ತಿ ಉಜ್ಜಿ ತೆಗೆಯಬೇಕು. ಆ ಹೊಗೆ ಕುಡಿದರೆ ರಾತ್ರಿ ಚಳಿ ಜ್ವರ ಬರುತ್ತದೆ. ಉಜ್ಜಿದ ಮೇಲೆ ಅಲ್ಲಿ ಹೇಗೂ ಬಣ್ಣ ಬಳಿಯಬೇಕು. ಅದಕ್ಕಿಂತ ಸಾದಾ ಇಆರ್‌ಡಬ್ಲ್ಯೂ, ಅಂದರೆ ಉದ್ದಕ್ಕೂ ಬೆಸುಗೆ ಹಾಕಿದ ಉಕ್ಕಿನ ಪೈಪೇ ವಾಸಿ.

ದೊಡ್ಡಪ್ಪ: ನನ್ನ ಮರದ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ.

ಮೇಘಾ: ದೊಡ್ಡಪ್ಪ, 25 ಮಿ.ಮೀ. ದಪ್ಪದ ಮರವನ್ನು ಸುಮಾರು ಒಂದು ಗಂಟೆ ಹಬೆಯಲ್ಲಿಡಬೇಕು. ಹೊರತೆಗೆದ ಮೇಲೆ ಬಗ್ಗಿಸಲು ಸಿಗುವುದು ಕೆಲವೇ ಕ್ಷಣ. ಬಿಸಿ ಗೂಡಿನಲ್ಲಿ ಒಣಗಿಸಿದ ಮರ ಬಗ್ಗುವ ಬದಲು ಮುರಿಯುತ್ತದೆ. ಗಾಳಿಯಲ್ಲಿ ಒಣಗಿದ, ನೆಟ್ಟಗೆ ನಾರಿರುವ ಹಲಗೆಯೇ ಬೇಕು. ಇಲ್ಲದಿದ್ದರೆ 3 ಮಿ.ಮೀ. ಪಟ್ಟಿಗಳನ್ನು ಎಪಾಕ್ಸಿ ಹಚ್ಚಿ ಅಚ್ಚಿನ ಮೇಲೆ ಒಂದರ ಮೇಲೊಂದು ಅಂಟಿಸಬೇಕು. ಅದು ಮನೆಯಲ್ಲೂ ಆಗುವ ಕೆಲಸ.

ದೊಡ್ಡಪ್ಪ: ಮತ್ತೇನು ಅಡ್ಡಿ?

ವಸಂತ ಚಿಕ್ಕಪ್ಪ: ಕಾಲುಗಳು ಅಣ್ಣ. ಪಿವಟ್ ಹತ್ತಿರ ಮರಕ್ಕೆ ತೂತು ಕೊರೆದರೆ ನಾರಿನ ಉದ್ದಕ್ಕೂ ಸೀಳುತ್ತದೆ. ಹಿಂದಿನವರೂ ಅಲ್ಲಿ ಬರೀ ಮರ ಬಿಡುತ್ತಿರಲಿಲ್ಲ. ಕಮಾನಿನ ಕಾಲನ್ನು ಲೋಹದ ಸಾಕೆಟ್ಟಿನೊಳಗೆ ಕೂರಿಸುತ್ತಿದ್ದರು. ಹಳೇ ಮಾಡೆಲ್ ಟಿ ಫೋರ್ಡಿನ ಟಾಪ್ ನೋಡಿ.

ಪದ್ಮತ್ತೆ: ಬೆಳಿಗ್ಗೆಯಿಂದ ಓದುತ್ತಿದ್ದೇನೆ. ಪೈಪು, ಪೈಪು, ಪೈಪು. ಬಟ್ಟೆ ಹೊಲಿಯುವುದು ನಾನು. ಅದನ್ನು ಈ ಪೈಪಿಗೆ ಹೇಗೆ ಹಿಡಿಸುವುದು ಅಂತ ಒಬ್ಬರಾದರೂ ಕೇಳಿದಿರಾ?

ಸುಹಾಸ: ವಿಡಿಯೋದಲ್ಲಿ ಅಂಟು ಹಾಕಿದ್ದಾನೆ ಅತ್ತೆ.

ಪದ್ಮತ್ತೆ: ಹಾಕಿದ್ದಾನೆ. ಹಿಂದಿನ ಕಿಟಕಿಯ ಮೇಲೆ ಆಗಲೇ ಸುಕ್ಕು ಬಿದ್ದಿರುವುದೂ ಕಾಣಿಸುತ್ತದೆ. ಬಟ್ಟೆ ಒಂದೇ ಸಲಕ್ಕೆ ಸರಿಯಾಗಿ ಕೂರುವುದಿಲ್ಲ. ಎಳೆದು ಮೊಳೆ ಹೊಡೆಯಬೇಕು, ನೋಡಬೇಕು, ಕಿತ್ತು ಮತ್ತೆ ಎಳೆಯಬೇಕು. ಎರಡೂ ಬದಿ ಒಂದೇ ಸಮ ಬರುವ ತನಕ ಇದೇ ಕೆಲಸ. ಉಕ್ಕಿಗೆ ಮೊಳೆ ಹೊಡೆಯುವುದಕ್ಕೆ ಆಗುತ್ತದಾ? ನನಗೆ ಮುಂದೆ ಹೆಡರಿನಲ್ಲಿ ಒಂದು, ಹಿಂದಿನ ಕಮಾನಿನ ಮೇಲೆ ಒಂದು ಮರದ ಪಟ್ಟಿ ಬೇಕೇ ಬೇಕು. ಮಧ್ಯದ ಕಮಾನು ಏನಾದರೂ ಆಗಲಿ. ಅದಕ್ಕೆ ಬಟ್ಟೆಯ ಒಳಗಡೆ ಒಂದು ತೋಳು ಹೊಲಿದು ಪೈಪು ತೂರಿಸುತ್ತೇನೆ.

ದೊಡ್ಡಪ್ಪ: 👏👏 ಮರ!

ಪದ್ಮತ್ತೆ: ಇನ್ನೊಂದು. ಕಮಾನುಗಳ ನಡುವೆ ಅಗಲದ ಪಟ್ಟಿ ಹಾಕಬೇಕು, ಸೀಟ್ ಬೆಲ್ಟಿನಂಥದ್ದು. ಹಿಂದಿನ ಬಾಡಿಯಿಂದ ಶುರುವಾಗಿ ಒಂದೊಂದೇ ಕಮಾನನ್ನು ಹಿಡಿದುಕೊಂಡು ಹೆಡರ್ ತನಕ. ಕಮಾನನ್ನು ಜಾಗದಲ್ಲಿ ನಿಲ್ಲಿಸುವುದು ಆ ಪಟ್ಟಿ, ಬಟ್ಟೆಯಲ್ಲ. ಬಟ್ಟೆಗೇ ಆ ಕೆಲಸ ಕೊಟ್ಟರೆ ಹೊಲಿಗೆ ಬಿಡುತ್ತದೆ, ಆಮೇಲೆ ಬೈಗುಳ ನನಗೆ.

ವಸಂತ ಚಿಕ್ಕಪ್ಪ: ಅಕ್ಕ, ಮರದ ಪಟ್ಟಿ ಕೊಡುತ್ತೇನೆ. ಪೈಪಿನ ಮೇಲೆ ಸಣ್ಣ ತಗಡಿನ ಕಿವಿ ವೆಲ್ಡ್ ಮಾಡಿ, ಅದಕ್ಕೆ ಸ್ಕ್ರೂ ಹಾಕುತ್ತೇನೆ. ಪೈಪಿಗೇ ತೂತು ಕೊರೆದರೆ ನೀರು ಒಳಗೆ ಇಳಿದು ಒಳಗಿನಿಂದ ತುಕ್ಕು ತಿನ್ನುತ್ತದೆ, ಹೊರಗೆ ಗೊತ್ತೂ ಆಗುವುದಿಲ್ಲ. ಕಾಲಿನ ತುದಿಯನ್ನು ಚಪ್ಪಟೆ ಒತ್ತುವುದಿಲ್ಲ. ಗಟ್ಟಿ ಪಟ್ಟಿಯ ತುಂಡನ್ನು ಸೇರಿಸಿ ವೆಲ್ಡ್ ಮಾಡಿ, ತೂತಿನೊಳಗೆ ಹಿತ್ತಾಳೆ ಬುಷ್ (ಬಳೆ) ಕೂರಿಸಿ, ಸಡಿಲವಾಗದ ನೈಲಾಕ್ ನಟ್ ಹಾಕುತ್ತೇನೆ. ಅಲುಗಾಟದ ಸದ್ದು ಶುರುವಾಗುವುದೇ ಪಿವಟ್ ಸವೆದಾಗ.

ಸುಹಾಸ: ಹಾಗಾದರೆ ಅರ್ಧ ಇಂಚಿನ ಪೈಪು ತಂದುಬಿಡಲಾ? ಅದು 12-13 ಮಿ.ಮೀ. ಅಲ್ವಾ?

ಮೇಘಾ: ನಿಲ್ಲು!! ನೀರಿನ ಪೈಪಿನಲ್ಲಿ ಅರ್ಧ ಇಂಚು ಅಂದರೆ ಹೊರ ಅಳತೆ 21.3 ಮಿ.ಮೀ. ನಮಗೆ ಬೇಕಾದದ್ದು ಟ್ಯೂಬ್. ಅದನ್ನು ಹೊರ ಅಳತೆಯಲ್ಲೇ ಕೇಳಬೇಕು. 19 ಹೊರಗೆ, 1.5 ದಪ್ಪ ಅಂತ ಬರೆದುಕೊಂಡು ಹೋಗು.

ವಸಂತ ಚಿಕ್ಕಪ್ಪ: ಅವನು ಎಲ್ಲೂ ಹೋಗುವುದು ಬೇಡ ಈಗ. ಬಗ್ಗಿಸುವ ಮಾತು ಇನ್ನೂ ಇದೆ. ತಿರುವಿನ ತ್ರಿಜ್ಯ ಪೈಪಿನ ಅಳತೆಯ ನಾಲ್ಕು ಪಟ್ಟು ಇರಲಿ, ಅಂದರೆ 75 ಮಿ.ಮೀ. ಹತ್ತಿರ. ಅದಕ್ಕಿಂತ ಚಿಕ್ಕದಾದರೆ ಒಳಗಡೆ ನೆರಿಗೆ ಬೀಳುತ್ತದೆ. ಒಳಗೆ ಮರಳು ಬಿಗಿಯಾಗಿ ತುಂಬಿ ಎರಡೂ ತುದಿಗೆ ಬೆಣೆ ಹೊಡೆಯಬೇಕು. ಬೆಂಕಿ ತೋರಿಸುವುದಾದರೆ ಮರಳು ಚೆನ್ನಾಗಿ ಒಣಗಿರಬೇಕು. ಒದ್ದೆ ಮರಳಿದ್ದರೆ ಒಳಗೆ ಹಬೆ ಕಟ್ಟಿ ಬೆಣೆ ಗುಂಡಿನ ಹಾಗೆ ಹಾರುತ್ತದೆ. ಪೈಪಿನ ಉದ್ದಕ್ಕೂ ಇರುವ ಬೆಸುಗೆ ಗೆರೆ ತಿರುವಿನ ಪಕ್ಕಕ್ಕೆ ಬರಲಿ. ಒಳಗಡೆಯೂ ಬೇಡ, ಹೊರಗಡೆಯೂ ಬೇಡ.

ಶ್ರೀಧರ ಭಾವ: ಎಲ್ಲ ಸರಿ. ಪಿವಟ್ ಎಲ್ಲಿ ಬರುತ್ತದೆ? ಅದನ್ನು ಯಾರಾದರೂ ಗುರುತು ಮಾಡಿದ್ದೀರಾ?

(ಇಲ್ಲಿ ಗುಂಪು ಬಹಳ ಹೊತ್ತು ಸುಮ್ಮನಿತ್ತು.)

ವಸಂತ ಚಿಕ್ಕಪ್ಪ: ಇಲ್ಲ.

ಶ್ರೀಧರ ಭಾವ: ಹಾಗಾದರೆ ಇಷ್ಟು ಹೊತ್ತು ನಾವು ಜಗಳ ಆಡಿದ್ದು ಯಾವುದಕ್ಕೆ? ಪಿವಟ್ ಒಂದೆರಡು ಸೆಂಟಿಮೀಟರ್ ಆಚೀಚೆ ಆದರೆ ಟಾಪ್ ಮಡಚಿದಾಗ ಕಮಾನು ಸೀಟಿನ ಬೆನ್ನಿಗೆ ತಾಗುತ್ತದೆ, ಇಲ್ಲವೇ ಹೆಡರ್ ವಿಂಡ್‌ಶೀಲ್ಡಿಗೆ ಮುಟ್ಟುವುದಿಲ್ಲ. ಉಕ್ಕಾದರೇನು, ಚಿನ್ನವಾದರೇನು? ಕೂತವರ ತಲೆಗೂ ಮಧ್ಯದ ಕಮಾನಿಗೂ ಎಷ್ಟು ಜಾಗ ಇರುತ್ತದೆ ಅಂತಲೂ ಗೊತ್ತಿಲ್ಲ.

ಮೇಘಾ: ಭಾವ ಹೇಳುವುದು ಸರಿ. ಮೊದಲು ಅಣಕು ಫ್ರೇಮ್ ಮಾಡೋಣ. ಹಗುರವಾದದ್ದು, ಕತ್ತರಿಸಿ ಮತ್ತೆ ಅಂಟಿಸಬಹುದಾದದ್ದು ಬೇಕು. ಬಗ್ಗಿಸುವ ಗೋಜು ಇರಬಾರದು.

ಸುಹಾಸ: ಪಿವಿಸಿ 😌

ವಸಂತ ಚಿಕ್ಕಪ್ಪ: ...

ಸುಹಾಸ: ಎಲ್ಬೋ ಹಾಕಿ ಅಂಟಿಸಿದರೆ ಮುಗಿಯಿತು 😌😌

ವಸಂತ ಚಿಕ್ಕಪ್ಪ: ಅಂಟಿಸಬೇಡ. ಸುಮ್ನೆ ತೂರಿಸಿಡು, ಉದ್ದ ಬದಲಾಯಿಸಲು ಆಗಬೇಕು. ಬಾಗಿಲ ಹಿಂದೆ ಒಂದು ಪ್ಲೈವುಡ್ ತುಂಡನ್ನು ಕ್ಲಾಂಪ್ ಮಾಡಿ ಅದರಲ್ಲಿ ಪಿವಟ್‌ಗೆ ಬೇರೆ ಬೇರೆ ಕಡೆ ತೂತು ಕೊರೆ. ಒಂದೊಂದರಲ್ಲೂ ಎತ್ತಿ, ಮಡಚಿ ನೋಡೋಣ. ಯಾವುದು ಸರಿ ಬರುತ್ತದೋ ಅದರ ಅಳತೆಗೆ ಉಕ್ಕು ಬಗ್ಗಿಸುತ್ತೇನೆ.

ಪದ್ಮತ್ತೆ: ಅಣಕು ಫ್ರೇಮಿನ ಮೇಲೆ ಹಳೇ ಬೆಡ್‌ಶೀಟ್ ಹಾಕಿ ನಾನು ಪ್ಯಾಟರ್ನ್ ತೆಗೆಯುತ್ತೇನೆ. ಅದಕ್ಕೂ ಮುಂಚೆ ಯಾರೂ ವೆಲ್ಡಿಂಗ್ ಮೆಷಿನ್ ಮುಟ್ಟಬಾರದು. ಮಡಚಿದಾಗ ಕಮಾನಿನ ಜೊತೆ ಬಟ್ಟೆಯ ಮಡಿಕೆಗೂ ಜಾಗ ಬೇಕು, ಅದನ್ನೂ ಅಲ್ಲೇ ನೋಡಬೇಕು.

ದೊಡ್ಡಪ್ಪ: ಹೆಡರಿನ ಮರ ನಾನೇ ಕೊಯ್ದು ಕೊಡುತ್ತೇನೆ. ವಿಂಡ್‌ಶೀಲ್ಡಿನ ಮೇಲಂಚಿನ ಬಾಗು ರಟ್ಟಿನ ಮೇಲೆ ಗೆರೆ ಎಳೆದು ಕಳಿಸಿ. ಫೋಟೋ ಬೇಡ, ಫೋಟೋದಲ್ಲಿ ಅಳತೆ ಸಿಗುವುದಿಲ್ಲ.

ಶ್ರೀಧರ ಭಾವ: ಅಂತೂ ಅಲ್ಯೂಮಿನಿಯಂಗೆ ಎಲ್ಲೂ ಜಾಗವಿಲ್ಲ.

ಪದ್ಮತ್ತೆ: ಇದೆಯಪ್ಪ. ಹಿಂದಿನ ಕಮಾನಿನ ಮೇಲೆ ಹೊಡೆದ ಮೊಳೆಗಳ ಸಾಲು ಮುಚ್ಚಲು ಒಂದು ತೆಳು ಪಟ್ಟಿ ಬೇಕು. ನೀರು ಒಳಗಿಳಿಯದ ಹಾಗೆ, ನೋಡಲೂ ಚೆಂದ ಇರುವ ಹಾಗೆ. ಅದು ಅಲ್ಯೂಮಿನಿಯಂದೇ ಆಗಲಿ.

ಶ್ರೀಧರ ಭಾವ: ಪಾಲಿಶ್ ಮಾಡಿದ್ದಾ, ಮ್ಯಾಟಾ?

ವಸಂತ ಚಿಕ್ಕಪ್ಪ: ಅದಕ್ಕೆ ಬೇರೆ ದಿನ ಜಗಳ ಆಡೋಣ.