ಡಿಎನ್‌ಎ ಎಳೆಗಳಿಗೆ 'ಸಂಕರಣ' ಅನ್ನುವುದು ಸರಿಯಾ?

ಗೆಳೆಯರೇ,

ಹೈಸ್ಕೂಲು ಮಕ್ಕಳಿಗಾಗಿ ಡಿಎನ್‌ಎ ಮೈಕ್ರೊಅರೇ ಬಗ್ಗೆ ಬರೆಯುತ್ತಿದ್ದೇನೆ. 'ಹೈಬ್ರಿಡೈಸೇಶನ್' ಪದದ ಹತ್ತಿರ ಬಂದು, ಕನ್ನಡದಲ್ಲಿ ಏನನ್ನಬೇಕು ಅಂತ ತಿಳಿಯದೆ, ನಾಲ್ಕು ದಿನದಿಂದ ನಿಂತುಬಿಟ್ಟಿದ್ದೇನೆ.

ನಾನು ಬರೆಯುತ್ತಿರುವ ಮೈಕ್ರೊಅರೇ ವೈರಸ್ ಪತ್ತೆ ಮಾಡುವಂಥದ್ದು: ಗಾಜಿನ ಪಟ್ಟಿಯ ಮೇಲೆ ರಂಗೋಲಿಗೆ ಇಟ್ಟ ಹಾಗೆ ಸಾವಿರಾರು ಚುಕ್ಕಿ. ಒಂದೊಂದರಲ್ಲೂ ಗೊತ್ತಿರುವ ಯಾವುದೋ ವೈರಸ್ಸಿನ ಡಿಎನ್‌ಎ ತುಣುಕು, ಒಂಟಿ ಎಳೆಯಾಗಿ. ಪರೀಕ್ಷೆಗೆ ಬಂದ ಡಿಎನ್‌ಎಗೆ ಹೊಳೆಯುವ ಬಣ್ಣ ಹಚ್ಚಿ ಅದರ ಮೇಲೆ ಬಿಡುತ್ತಾರೆ. ಡಿಎನ್‌ಎ ಬರಹದ ನಾಲ್ಕು ಅಕ್ಷರಗಳಲ್ಲಿ ಎ ಎದುರು ಟಿ, ಸಿ ಎದುರು ಜಿ ಸಿಕ್ಕ ಕಡೆ ಎಳೆಗೆ ಎಳೆ ಕಚ್ಚಿಕೊಳ್ಳುತ್ತದೆ. ಇದೇ ಹೈಬ್ರಿಡೈಸೇಶನ್. ಉಳಿದದ್ದು ತೊಳೆದು ಹೋಗುತ್ತದೆ. ಯಾವ ಚುಕ್ಕಿ ಬೆಳಗಿತು ಅಂತ ನೋಡಿದರೆ ಯಾವ ವೈರಸ್ ಅಂತ ಗೊತ್ತಾಗುತ್ತದೆ.

2003ರಲ್ಲಿ ಸಾರ್ಸ್ ಎಂಬ ಉಸಿರಾಟದ ರೋಗ ಹಬ್ಬಿದಾಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೋಸೆಫ್ ಡೆರಿಸಿ ತಂಡದ 'ವೈರೋಚಿಪ್' ಮಾಡಿದ್ದು ಇದನ್ನೇ. ಅದರ ತುಣುಕುಗಳು 70 ಅಕ್ಷರ ಉದ್ದ. ಸಾರ್ಸ್ ತಂದ ಹೊಸ ವೈರಸ್ಸಿಗೆ ತನ್ನದೇ ಚುಕ್ಕಿ ಅದರಲ್ಲಿ ಇರಲಿಲ್ಲ. ಆದರೂ ಹಸುವಿನ, ಕೋಳಿಯ ಕರೋನಾವೈರಸ್ ಚುಕ್ಕಿಗಳು ಬೆಳಗಿದವು. ಪೂರ್ತಿ ಹೊಂದದಿದ್ದರೂ ನೆಂಟರ ಎಳೆಗೆ ಕಚ್ಚಿಕೊಂಡಿತ್ತು! ಅಂಥ ಚುಕ್ಕಿಯನ್ನು ಕೆರೆದು, ಅಂಟಿದ್ದ ಡಿಎನ್‌ಎ ತೆಗೆದು ಓದಿದರು.

ಎಳೆಗೆ ಎಳೆ ಹೀಗೆ ಕಚ್ಚಿಕೊಳ್ಳುವುದಕ್ಕೆ ನಾನು ಮೊದಲು 'ಸಂಕರಣ' ಅಂತ ಬರೆದಿದ್ದೆ. ಅಕ್ಕನ ಮಗಳು ಓದಿ ಕೇಳಿದಳು: "ಹಾಗಾದ್ರೆ ಎರಡೂ ಸೇರಿ ಹೊಸ ವೈರಸ್ ಹುಟ್ಟುತ್ತಾ?" ಅವಳ ತಪ್ಪಲ್ಲ. ಸಂಕರ ತಳಿ ಜೋಳ, ಸಂಕರ ಹಸು ಕೇಳಿ ಬೆಳೆದ ಕಿವಿ ಅದು. ಇಲ್ಲಿ ತಳಿಯೂ ಇಲ್ಲ, ಹುಟ್ಟೂ ಇಲ್ಲ.

'ಬೆಸುಗೆ' ಆಗಬಹುದಾ ಅಂದುಕೊಂಡೆ. ಆದರೆ ಬೆಸುಗೆ ಬಿಸಿಯಿಂದ ಕೂಡುವಂಥದ್ದು, ಈ ಎಳೆಗಳು ಬಿಸಿ ಮಾಡಿದರೆ ಬಿಟ್ಟುಕೊಳ್ಳುತ್ತವೆ. 'ಜೋಡಣೆ' ಅಂದರೆ ಯಾರೋ ಕೂತು ಜೋಡಿಸಿದ ಹಾಗಾಗುತ್ತದೆ, ಇವು ತಾವಾಗಿಯೇ ಜೋಡಿ ಹುಡುಕಿಕೊಳ್ಳುತ್ತವೆ ಅಲ್ವಾ? 'ಕಚ್ಚಿಕೊಳ್ಳು' ನನಗೆ ತುಂಬಾ ಇಷ್ಟ. ವಾಕ್ಯದಲ್ಲಿ ಚೆನ್ನಾಗಿ ಕೂರುತ್ತದೆ. ಆದರೆ ಅದನ್ನು ಹೆಸರುಪದ ಮಾಡಲು ಹೋದರೆ 'ಕಚ್ಚಿಕೆ' ಅಂತಾಗಿ ಬಾಯಿಗೆ ಒಗ್ಗುವುದಿಲ್ಲ.

('ಅರೇ'ಗೆ ಸುಮ್ನೆ 'ಚುಕ್ಕಿಫಲಕ' ಅಂತ ಬರೆದೆ. 'ಸರಣಿ' ಅಂದರೆ ಸೀಕ್ವೆನ್ಸಿಗೂ, ಅಂದರೆ ಅಕ್ಷರಗಳ ಸಾಲಿಗೂ, ಅದೇ ಪದ, ಗೊಂದಲ ಜಾಸ್ತಿ.)

ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸುತ್ತಾರೆ. ಮಗ್ಗದ ಮನೆಯವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಹೇಳಿ: ಎಳೆಗೆ ಎಳೆ ಕೂಡಿಕೊಂಡಿತು ಅನ್ನುವುದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ?